ಕೊರಳಲ್ಲಿ ಕಟ್ಟಿಕೊಂಡದ್ದು

ಈ ಪುಸ್ತಕದ ಉಳಿದ ಅಧ್ಯಾಯಗಳನ್ನೆಲ್ಲ ಬರೆದು ಮುಗಿಸಿದ ಮೇಲೆ ಇದಕ್ಕೆ ಕೈ ಹಾಕಿದ್ದೇನೆ. ಶಾಲೆಯಿಂದ ಶುರು ಮಾಡಿದ್ದೀರಿ, ಮನೆಯ ಬಗ್ಗೆ ಯಾಕೆ ಬರೆದಿಲ್ಲ ಎಂದು ಮಗ ಕೇಳಿದ್ದ. ಮನೆಯಲ್ಲಿ ಬರೆಯುವಂಥದ್ದೇನಿತ್ತು, ಎಲ್ಲರ ಮನೆಯ ಹಾಗೇ ಇತ್ತು ಎಂದೆ. ಆ ಮಾತು ಸುಳ್ಳು. ಹೆಂಡತಿ ಬದುಕಿದ್ದಾಗ ಅವಳಿಗೆ ಹೇಳಿಬಿಡಬೇಕು ಅಂದುಕೊಂಡಿದ್ದೆ. ಅವಳು ಹಾಸಿಗೆ ಹಿಡಿದಾಗ ಇನ್ನೇನು ಹೇಳಿದೆ ಅನ್ನುವಷ್ಟು ಹತ್ತಿರ ಬಂದು, ಔಷಧಿಯ ಮಾತು ತೆಗೆದು ತಪ್ಪಿಸಿಕೊಂಡೆ. ಈಗ ಹೇಳುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಕೇಳಿಸಿಕೊಳ್ಳಬೇಕಾದವರು ಮಣ್ಣಾಗಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಶಹಾಪುರದ ನಮ್ಮ ಓಣಿಯಲ್ಲಿ ಜನ ನನ್ನನ್ನು ತೋರಿಸಿ, ಲಿಂಗಪೂಜೆ ಅಂದರೆ ಅಯ್ಯನವರದು ಎಂದು ಮಕ್ಕಳಿಗೆ ಹೇಳುತ್ತಾರೆ. ಅದನ್ನು ಕೇಳುತ್ತ ಸಾಯುವುದು ನನ್ನಿಂದ ಆಗುವುದಿಲ್ಲ.

ನಮ್ಮ ಮನೆ ದೋರನಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ, ಕೆಳಗೆ ಫರಸಿ ಕಲ್ಲು. ಬಾಗಿಲು ದಾಟಿದರೆ ಪಡಸಾಲೆ, ಅದರ ಬಲಕ್ಕೆ ಅಡುಗೆಮನೆ, ಎದುರಿಗೆ ದೇವರ ಕೋಣೆ; ಅದರಲ್ಲಿ ದೇವರನ್ನಿಡುವ ಕಟ್ಟೆಯೇ ಜಗಲಿ. ದೇವರ ಕೋಣೆಗೆ ಕಿಟಕಿಯಿರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು; ಬೆಳಿಗ್ಗೆ ಅದರಿಂದ ಇಳಿದ ಬಿಸಿಲು ಜಗಲಿಯ ಮೇಲೆ ತಂಬಿಗೆಯಷ್ಟು ಅಗಲಕ್ಕೆ ಬಿದ್ದು, ಊಟದ ಹೊತ್ತಿಗೆ ಗೋಡೆ ಹತ್ತಿಬಿಡುತ್ತಿತ್ತು. ನಮ್ಮದು ಜಂಗಮರ ಮನೆ. ಅಪ್ಪ ಜೋಳಿಗೆ ಹಾಕಿಕೊಂಡು ಸೋಮವಾರ ಭಿಕ್ಷೆಗೆ ಹೋಗುತ್ತಿದ್ದ, ಉಳಿದ ದಿನ ಮಳೆ ನಂಬಿದ ಹೊಲದಲ್ಲಿ ಜೋಳ, ತೊಗರಿ ನೋಡಿಕೊಳ್ಳುತ್ತಿದ್ದ. ಊರಲ್ಲಿ ಮಗು ಹುಟ್ಟಿದರೆ ಲಿಂಗ ಕಟ್ಟಲು, ಸತ್ತರೆ ಸಮಾಧಿ ಮಾಡಿಸಲು ಅವನೇ ಬೇಕು. ಹಾಗಾಗಿ ಮನೆಯಲ್ಲಿ ನೇಮ ಬಿಗಿಯಾಗಿತ್ತು. ಲಿಂಗ ಕೊರಳಲ್ಲಿದ್ದರೆ ಮಾತ್ರ ಊಟ. ಅದು ಮೈಯಿಂದ ಬೇರೆಯಾದವರ ಕೈಯಿಂದ ನೀರು ಕೂಡ ನಡೆಯುವುದಿಲ್ಲ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯಬೇಕು; ಒಂದು ಅಗುಳು ಬಿಟ್ಟರೂ ಅಪ್ಪ ಮಾತಾಡದೆ ಎದ್ದು ಹೋಗುತ್ತಿದ್ದ. ಅವನು ಹೊಡೆಯುವುದಕ್ಕಿಂತ ಆ ಎದ್ದು ಹೋಗುವುದೆಂದರೇ ನನಗೆ ಹೆಚ್ಚು ಭಯ.

ಒಲೆಯ ಮುಂದೆ ಕೂಡುತ್ತಿದ್ದವಳು ಅತ್ತೆ. ಅಪ್ಪನ ತಂಗಿ. ಮದುವೆಯಾದ ಮಳೆಗಾಲದಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದಿದ್ದಳಂತೆ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳಿಲ್ಲದ ಅಡುಗೆಮನೆಯೇ ಇರಲಿಲ್ಲ. ರೊಟ್ಟಿ ಬಡಿಯುವಾಗ ಅವಳ ಎರಡೂ ಕೈಗಳ ಸಪ್ಪಳ ಓಣಿಗೆ ಕೇಳುತ್ತಿತ್ತು. ನಾನು ಶಾಲೆಯಿಂದ ಬಂದರೆ ರೊಟ್ಟಿಯ ಮೇಲೆ ಪುಂಡಿಪಲ್ಯ ಹಚ್ಚಿ, ಶೇಂಗಾಹಿಂಡಿ ಉದುರಿಸಿ, ಸುರುಳಿ ಸುತ್ತಿ ಕೈಗೆ ಕೊಡುತ್ತಿದ್ದಳು. ಅನ್ನ ಹಬ್ಬಕ್ಕೆ ಮಾತ್ರ. ಅವ್ವನಿಗೂ ಅವಳಿಗೂ ಸದಾ ಜಗಳ, ಒಲೆಯ ವಿಷಯಕ್ಕೆ. ಗಂಡನ ಮನೆಯಲ್ಲಿ ಒಲೆ ನನ್ನದಾಗಬೇಕಿತ್ತು ಎಂದು ಅವ್ವನ ಸಿಟ್ಟು. ಸಿಟ್ಟು ಬಂದಾಗ ಅವಳು ಅತ್ತೆಗೆ ನೇರ ಹೇಳದೆ ಬೆಕ್ಕಿಗೋ ನನಗೋ ಹೇಳುತ್ತಿದ್ದಳು. ಅತ್ತೆ ಹಿಟ್ಟಿನ ಕೈಯಿಂದ ಬೆಕ್ಕನ್ನು ಕರೆದು ಉತ್ತರ ಕೊಡುತ್ತಿದ್ದಳು.

"ಕೇಳಿದ್ಯಾ? ನಿಮ್ಮವ್ವಗ ಒಲಿ ಬೇಕಂತ. ಒಯ್ಯಿ ಅನ್ನು, ನಾ ಬರೇ ಹೊಗಿ ಇಟ್ಕೋತೀನಿ."

ಅವ್ವನಿಗೂ ನಗು ಬಂದು, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಮುತ್ಯಾ ಬರುತ್ತಿದ್ದರು. ಸುರಪುರದ ಕಡೆಯ ಒಂದು ಸಣ್ಣ ಮಠದ ಸ್ವಾಮಿಗಳು. ನಮ್ಮ ಮನೆಯವರಿಗೆಲ್ಲ ಲಿಂಗದೀಕ್ಷೆ ಕೊಟ್ಟ ಗುರುಗಳು ಅವರೇ. ಊರೆಲ್ಲ ಅವರನ್ನು ಮುತ್ಯಾ, ಅಂದರೆ ಅಜ್ಜ, ಅನ್ನುತ್ತಿತ್ತು. ಕಾವಿ ಮಾಸಿತ್ತು, ಪಾದ ಒಡೆದಿದ್ದವು, ಸಿಟ್ಟು ಅನ್ನುವುದನ್ನು ನಾನು ಅವರಲ್ಲಿ ನೋಡಲಿಲ್ಲ. ಪೂಜೆ ಮಾಡುವುದನ್ನು ನನಗೆ ಕಲಿಸಿದವರು ಅವರು. ಎಡಗೈಯನ್ನು ಎದೆಯ ಎತ್ತರಕ್ಕೆ ಹಿಡಿ, ಅಂಗೈಯಲ್ಲಿ ಲಿಂಗ ಇಡು, ರೆಪ್ಪೆ ಬಡಿಯದೆ ನೋಡು, ನೋಡುತ್ತ ನೋಡುತ್ತ ನೋಡುವವನು ಇಲ್ಲದಂತಾಗಬೇಕು ಎನ್ನುತ್ತಿದ್ದರು. ನಾನು ರೆಪ್ಪೆ ಬಡಿದಾಗಲೆಲ್ಲ ನಕ್ಕು ನನ್ನ ಮೂಗಿಗೆ ವಿಭೂತಿ ಹಚ್ಚುತ್ತಿದ್ದರು. ನನಗೆ ಜಗತ್ತಿನಲ್ಲಿ ಅವರಷ್ಟು ದೊಡ್ಡವರು ಯಾರೂ ಇರಲಿಲ್ಲ. ಮುತ್ಯಾನ ಕಣ್ಣಿಗೆ ಎಲ್ಲ ಕಾಣುತ್ತದೆ, ನೀನು ಮನಸ್ಸಿನಲ್ಲಿ ಅಂದುಕೊಂಡದ್ದೂ ಕಾಣುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನಾನು ಅದನ್ನು ಅಕ್ಷರಕ್ಕೆ ಅಕ್ಷರ ನಂಬಿದ್ದೆ. ಮಠಕ್ಕೆ ಒಬ್ಬ ಮರಿಯನ್ನು, ಅಂದರೆ ಮುಂದೆ ಪೀಠಕ್ಕೆ ಕೂಡುವ ಹುಡುಗನನ್ನು, ಅವರು ಹುಡುಕುತ್ತಿದ್ದರು. ಈ ಸಲ ಬಂದಾಗ ನಿನ್ನ ಮಗನ ಪೂಜೆ ನೋಡಿ ಹೇಳುತ್ತೇನೆ ಎಂದು ಅಪ್ಪನಿಗೆ ಹೇಳಿಕಳಿಸಿದ್ದರು. ಅಪ್ಪ ಆ ವರ್ಷವೆಲ್ಲ ನನ್ನನ್ನು ಬೇರೆ ಹುಡುಗರ ಜೊತೆ ಆಡಲು ಬಿಡಲಿಲ್ಲ.

ಅದೇ ವರ್ಷ ಕಾಲುವೆಗೆ ನೀರು ಬಿಟ್ಟರು. ನಾನು ಹುಟ್ಟಿದಾಗಿನಿಂದ ಅದನ್ನು ಅಗೆಯುತ್ತಲೇ ಇದ್ದರು. ನಮಗೆ ಅದು ಮುಗಿಯದ ಒಂದು ತಗ್ಗು ಅಷ್ಟೇ. ಒಂದು ದಿನ ಶಾಲೆಯಲ್ಲಿ ಯಾರೋ ಬಂದು ನೀರು ಬಂದದ ಅಂದರು, ಮಾಸ್ತರರೂ ಎದ್ದು ಓಡಿದರು. ಕೆಂಪು ನೀರು, ಮೇಲೆ ಕಸ, ಸತ್ತ ಹಾವು, ಕೂಲಿಯವರ ಹರಿದ ಚಪ್ಪಲಿ. ಮರುದಿನ ತಿಳಿಯಾಯಿತು. ಹುಡುಗರೆಲ್ಲ ಸೇತುವೆಯ ಮೇಲಿಂದ ಹಾರುತ್ತಿದ್ದರು. ಹಾರಬೇಡ ಎಂದು ಅಪ್ಪ ಹೇಳಿದ್ದ, ನಾನು ಹಾರಿದೆ. ನೀರಿನೊಳಗೆ ಏನೋ ಕೊರಳನ್ನು ಸವರಿಕೊಂಡು ಹೋದಂತಾಯಿತು. ಮೇಲೆ ಬಂದು ಮುಟ್ಟಿ ನೋಡಿಕೊಂಡರೆ ಶಿವದಾರವಿಲ್ಲ, ವಸ್ತ್ರವಿಲ್ಲ, ಲಿಂಗವಿಲ್ಲ. ಮತ್ತೆ ಮತ್ತೆ ಮುಳುಗಿ ತಳವನ್ನು ಕೈಯಿಂದ ಸವರಿದೆ. ನುಣ್ಣನೆಯ ಹಾಸುಗಲ್ಲು, ಅದರ ಮೇಲೆ ಓಡುವ ನೀರು. ಅಲ್ಲಿ ಏನೂ ನಿಲ್ಲುವುದಿಲ್ಲ. ಹಳೆಯ ಧೋತರದ ಚೂರಿನಲ್ಲಿ ಒಂದು ಅಡಿಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಮನೆಗೆ ಬಂದೆ. ಅತ್ತೆ ಬಡಿಸಿದ್ದನ್ನು ಉಂಡೆ. ಮುತ್ಯಾ ಬರುವುದು ಮರುದಿನ.

ಆ ಬೆಳಿಗ್ಗೆ ಅಪ್ಪ ಹೂವು ಹಣ್ಣು ತರಲು ಶಹಾಪುರಕ್ಕೆ ಹೋಗಿದ್ದ, ಅವ್ವ ಬಾವಿಗೆ ಹೋಗಿದ್ದಳು. ಅತ್ತೆ ಪೂಜೆ ಮುಗಿಸಿ ದೇವರ ಕೋಣೆಯಲ್ಲಿ ಕುಳಿತಿದ್ದಳು. ಮುತ್ಯಾ ಬರುವ ದಿನ ಅವಳು ಲಿಂಗಕ್ಕೆ ಹೊಸ ವಸ್ತ್ರ ಕಟ್ಟುತ್ತಿದ್ದಳು. ಲಿಂಗವನ್ನು ವೀಳ್ಯದೆಲೆಯ ಮೇಲೆ ಜಗಲಿಯಲ್ಲಿಟ್ಟು, ಪಕ್ಕದಲ್ಲೇ ಕುಳಿತು ದಾರ ಹೊಸೆಯುತ್ತಿದ್ದಳು. ಆಗ ಹೊರಗಿನಿಂದ ಯಾರೋ ನೀರು ಕೇಳಿದರು. ಇನ್ನೂ ಮುಗಿಯದ ಕಿರುಗಾಲುವೆಗೆ ಕಲ್ಲು ಹಾಸುವವರ ಮೇಸ್ತ್ರಿ, ಬಳಿಚಕ್ರ ಎಂಬ ಊರಿನವನು. ಆಗಾಗ ಬಂದು ನೀರು ಕುಡಿದು ಹೋಗುತ್ತಿದ್ದ. ಅವನಿಗೆ ಊರಾಗ ಬ್ಯಾರೆ ಬಾಗಿಲ ಇಲ್ಲೇನು ಎಂದು ಅವ್ವ ಬೆಕ್ಕನ್ನು ಕೇಳಿದ್ದುಂಟು. ಅತ್ತೆ ಎದ್ದು ತಂಬಿಗೆ ಮತ್ತು ಬೆಲ್ಲದ ಚೂರು ತೆಗೆದುಕೊಂಡು ಹೋದಳು. ಬಾಗಿಲಲ್ಲಿ ಏನೋ ಮಾತು, ಸಣ್ಣಗೆ ಅವಳ ನಗು. ಬೆಳಕಿಂಡಿಯ ಬಿಸಿಲು ಸರಿಯಾಗಿ ಆ ಎಲೆಯ ಮೇಲೆ ಬಿದ್ದಿತ್ತು. ನಾನು ಒಳಗೆ ಹೋಗಿ ಲಿಂಗವನ್ನು ಎತ್ತಿಕೊಂಡೆ. ಅಡಿಕೆ ತೆಗೆದು ಎಸೆದು ಅದನ್ನು ಕಟ್ಟಿಕೊಂಡೆ. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಸಂಜೆ ಮುತ್ಯಾನ ಮುಂದೆ ನನ್ನ ಅಂಗೈ ಬರಿದಾಗಿರಬಾರದು. ಅವಳ ಅಂಗೈಯ ವಿಚಾರ ಬರಲೇ ಇಲ್ಲ.

ಒಳಗೆ ಬಂದ ಅತ್ತೆ ಮೊದಲು ಎಲೆಯನ್ನು ಎತ್ತಿ ನೋಡಿದಳು, ಆಮೇಲೆ ಸೆರಗನ್ನು ಝಾಡಿಸಿದಳು. ಕೂಗಲಿಲ್ಲ. ಅವ್ವ ಬಂದ ಮೇಲೆ ಇಬ್ಬರೂ ಸೇರಿ ಹಿಟ್ಟಿನ ಗಡಿಗೆ ಬರಿದು ಮಾಡಿದರು, ಹಾಸಿಗೆ ಕೊಡವಿದರು, ಬಚ್ಚಲ ಮೋರಿಯಲ್ಲಿ ಕೈಯಾಡಿಸಿದರು. ಇಲಿ ಒಯ್ದಿರಬಹುದು ಎಂದು ಅವ್ವ ಅಂದಳು. ಅಂದು ಜಗಳವಾಡದೆ ನಾದಿನಿಯ ಬೆನ್ನು ಸವರುತ್ತ ಅಂದಳು. ಜಗಲಿಯ ಮೂಲೆಯಲ್ಲಿ ಇಲಿಯ ಬಿಲ ಇತ್ತು. ಅದನ್ನು ಹಾರೆಯಿಂದ ಒಡೆದು ಮಣ್ಣು ಬಗೆದವನು ನಾನೇ. ನಾನು ಬಗೆಯುತ್ತಿದ್ದರೆ ಅತ್ತೆ ಪಕ್ಕದಲ್ಲಿ ಕುಳಿತು, ಮೆಲ್ಲಕ ಬಡಿಯೋ, ಲಿಂಗಕ್ಕ ಪೆಟ್ಟು ಹತ್ತೀತು ಎನ್ನುತ್ತಿದ್ದಳು. ಅದು ನನ್ನ ಅಂಗಿಯೊಳಗೆ, ನನ್ನ ಎದೆಯ ಗುಂಡಿಗೆಯ ಮೇಲೆ, ಪ್ರತಿ ಏಟಿಗೆ ಅಲ್ಲಾಡುತ್ತಿತ್ತು.

ಮಧ್ಯಾಹ್ನದ ಮೇಲೆ ಮುತ್ಯಾನ ಬಂಡಿ ಬಂತು. ಪಾದ ತೊಳೆಯುವ ಮೊದಲೇ ಅತ್ತೆ ಪಡಸಾಲೆಯ ಕಂಬದ ಹತ್ತಿರ ನಿಂತು ಹೇಳಿದಳು. ಅಪ್ಪನ ಮುಖ ಕಪ್ಪಿಟ್ಟಿತು. ಮುತ್ಯಾ ಬೈಯಲಿಲ್ಲ. ಅವರು ಹೇಳಿದ್ದು ಇಷ್ಟು:

"ಲಿಂಗ ಇಲಿ ಒಯ್ಯಂಗಿಲ್ಲ. ಮನಸು ಎಲ್ಯರ ಹೋದ್ರ ಅದೂ ಹೋಗ್ತದ. ಹೊರಗ ಹುಡುಕಬ್ಯಾಡ, ಒಳಗ ಹುಡುಕು. ಇವತ್ತು ಉಪಾಸ ಇರು. ನಾಳಿ ಮುಂಜಾನೆ ನಾ ಹೊಸಾದು ಕಟ್ತೀನಿ."

ಅವರ ಮಟ್ಟಿಗೆ ಅದು ಕರುಣೆಯ ಮಾತು. ಬೇರೆ ಸ್ವಾಮಿಗಳಾಗಿದ್ದರೆ ಇನ್ನೂ ಕಠಿಣವಾದದ್ದನ್ನು ವಿಧಿಸುತ್ತಿದ್ದರು ಎಂದು ಅಪ್ಪ ಆಮೇಲೆ ಹೇಳಿದ. ಆದರೆ ಅತ್ತೆ ಆ ಮಾತನ್ನು ಕೇಳಿದ ರೀತಿ ನನಗೆ ನೆನಪಿದೆ. ಗುರು ಹೇಳಿದ ಮೇಲೆ ಒಳಗೆ ತಪ್ಪು ಇದ್ದೇ ಇರಬೇಕು, ತನಗೆ ಸಿಕ್ಕಿಲ್ಲ ಅಷ್ಟೇ ಎನ್ನುವಂತೆ ಅವಳು ಹುಬ್ಬು ಗಂಟು ಹಾಕಿಕೊಂಡು ಹೋಗಿ ಅಂಗಳದ ಕಟ್ಟೆಯ ಮೇಲೆ ಕುಳಿತಳು. ಲಿಂಗವಿಲ್ಲದವಳು ದೇವರ ಕೋಣೆಗೆ ಬರುವಂತಿಲ್ಲ, ಒಲೆ ಮುಟ್ಟುವಂತಿಲ್ಲ. ಅಂದಿನ ಅಡುಗೆ ಅವ್ವ ಮಾಡಿದಳು.

ಸಂಜೆ ನನ್ನ ಪರೀಕ್ಷೆ. ಮುತ್ಯಾ ಎದುರಿಗೆ ಮಣೆ ಹಾಕಿಸಿ ಕೂರಿಸಿದರು. ನಾನು ವಸ್ತ್ರ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅತ್ತೆಯ ಹೆಬ್ಬೆರಳು ವರ್ಷಾನುಗಟ್ಟಲೆ ಹಿಡಿದೂ ಹಿಡಿದೂ ಅದರ ಒಂದು ಬದಿ ಸವೆದು ಸಣ್ಣ ತಗ್ಗಾಗಿತ್ತು. ಈಗ ಮುತ್ಯಾ ನೋಡುತ್ತಾರೆ, ಹೆಸರು ಹಿಡಿದು ಕೇಳುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ, ಕೇಳಲಿ ಎಂದೇ ಕಾದೆ. ಅವರು ಕೇಳಿದ್ದರೆ ಒಂದು ಕ್ಷಣವೂ ತಡೆಯದೆ ಕಾಲಿಗೆ ಬೀಳುತ್ತಿದ್ದೆ. ಎಲ್ಲ ಕಾಣುವ ಕಣ್ಣುಗಳು ಎದುರಿಗೇ ಇದ್ದವು. ನನಗೆ ಎಷ್ಟು ಭಯವಾಗಿತ್ತೆಂದರೆ ಕಣ್ಣನ್ನು ಆ ಕಲ್ಲಿನಿಂದ ಎತ್ತಲು ಆಗಲಿಲ್ಲ. ರೆಪ್ಪೆ ಬಡಿಯುವುದೇ ಮರೆತುಹೋಯಿತು. ಕಣ್ಣಲ್ಲಿ ನೀರು ತುಂಬಿ ಹರಿಯಿತು, ಆದರೂ ಬಡಿಯಲಿಲ್ಲ. ಮುತ್ಯಾ ಮುಂದಕ್ಕೆ ಬಾಗಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ನೋಡು, ಕೂಸಿನ ದೃಷ್ಟಿ ಹ್ಯಾಂಗ ನಿಂತದ. ನನಗ ಈ ವಯಸ್ಸಿನ್ಯಾಗ ಹಿಂಗ ನಿಂತಿರಲಿಲ್ಲ. ಇದು ಮಠದ ಕೂಸು."

ಅಪ್ಪ ಅತ್ತ. ನಾನು ಅವನು ಅಳುವುದನ್ನು ನೋಡಿದ್ದು ಅಂದೇ. ಮುತ್ಯಾ ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈಯ ಕೆಳಗೆ ಕುಳಿತು ನಾನು ಕಲಿತ ಪಾಠ ಅವರು ಕಲಿಸಬೇಕೆಂದದ್ದಲ್ಲ. ಅವರಿಗೆ ಕಾಣುವುದಿಲ್ಲ. ಯಾರಿಗೂ ಕಾಣುವುದಿಲ್ಲ. ಒಳಗೆ ಏನಿದ್ದರೂ ಮುಖ ಅಲ್ಲಾಡದಿದ್ದರೆ ಸಾಕು. ಮುಂದೆ ನಾನು ಎಂಥ ಮನುಷ್ಯನಾದೆನೋ ಅದೆಲ್ಲ ಆ ಮಣೆಯ ಮೇಲೆ ಆಯಿತು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ ಬಂದಳು. ಮುತ್ಯಾ ಹೊಸ ಲಿಂಗ ಕಟ್ಟಿದರು. ಅಲ್ಲಿಗೆ ಮುಗಿಯಬೇಕಿತ್ತು, ಮುತ್ಯಾ ಮುಗಿಸಲೆಂದೇ ಎದ್ದಿದ್ದರು. ಆದರೆ ಅವಳು, ನೀವು ಹೇಳಿದಂತೆ ಒಳಗೆ ಹುಡುಕಿದೆ, ಸಿಕ್ಕಿತು ಅಂದಳು. ಅಪ್ಪ, ಅವ್ವ, ನಾನು ಎಲ್ಲರೂ ಇದ್ದೆವು.

"ನಾ ಲಿಂಗ ಜಗಲಿ ಮ್ಯಾಲ ಬಿಟ್ಟು ನೀರು ಕೊಡಾಕ ಹೋದೆ, ಮುತ್ಯಾ. ಕೊಟ್ಟು ಒಳಗ ಬರಬೇಕಿತ್ತು, ಬರಲಿಲ್ಲ. ಆ ಮೇಸ್ತ್ರಿ ಊರಾಗ ಮನಿ ಕಟ್ಟಾಕತ್ತೀನಿ ಅಂದ. ಆ ಮನ್ಯಾಗ ಒಲಿ ಯಾವ ಕಡಿ ಇಟ್ಟಿರಬಹುದು ಅಂತ ನನಗ ಅನಿಸ್ತು. ಅಷ್ಟೇ ಅನಿಸಿದ್ದು. ಅಷ್ಟೊತ್ತಿಗೆ ಅದು ಹೋಗಿತ್ತು."

ಹೊರಗೆ ಬಂಡಿಯ ಎತ್ತು ಕೊರಳು ಕೊಡವಿದ ಗೆಜ್ಜೆಯ ಸಪ್ಪಳ ಕೇಳಿತು. ಅಪ್ಪ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ತಟ್ಟೆಯಲ್ಲಿ ಅಗುಳು ಬಿಟ್ಟಾಗ ಏಳುವ ಹಾಗೆ ಎದ್ದು ಹೊರಗೆ ಹೋದ. ತಿರುಗಿ ಬಂದವನು ಅತ್ತೆಯನ್ನು ನೋಡದೆ ಮುತ್ಯಾನಿಗೆ ಹೇಳಿದ.

"ಈಕಿ ಇನ್ನ ಈ ಮನಿ ಒಲಿ ಮುಂದ ಕೂಡೂದು ಬ್ಯಾಡ್ರಿ. ನಾಳಿ ಊರ ಮಂದಿ ನನ್ನ ಕೈಲೆ ಕೂಸಿಗೆ ಲಿಂಗ ಹ್ಯಾಂಗ ಕಟ್ಟಿಸ್ಕೋತಾರ?"

ಅವ್ವ ಬಾಯಿ ತೆರೆದಳು. ಎಂದೂ ಅತ್ತೆಯ ಪರ ಮಾತಾಡದವಳು, ಇರ್ಲಿ ಬಿಡ್ರಿ, ಬರೇ ಅನಿಸಿದ್ದಕ್ಕ ಏನದ ಅಂದಳು. ಅಪ್ಪ ಕೇಳಲಿಲ್ಲ. ಮುತ್ಯಾ ಕಣ್ಣು ಮುಚ್ಚಿಕೊಂಡು ಕುಳಿತು, ಕೊನೆಗೆ ಮಠದಲ್ಲಿ ದಾಸೋಹಕ್ಕೆ ರೊಟ್ಟಿ ಮಾಡುವವರು ಬೇಕಾಗಿದ್ದಾರೆ, ಬರಲಿ ಎಂದರು. ಅಣ್ಣನ ಸಿಟ್ಟಿನ ಕೆಳಗೆ ಇರುವುದಕ್ಕಿಂತ ಅಲ್ಲಿ ನೆಮ್ಮದಿ ಎಂದು ಅವರು ತಿಳಿದಿರಬೇಕು. ನಾನು ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಬಾಯಿಯಲ್ಲಿ ನಾಲಿಗೆ ಇತ್ತು. ಬಂಡಿ ಹತ್ತುವಾಗ ಅತ್ತೆ ನನ್ನ ಗಲ್ಲ ಹಿಡಿದಳು. ಕೈಯಲ್ಲಿ ಹಿಟ್ಟಿನ ವಾಸನೆ ಇರಲಿಲ್ಲ, ವಿಭೂತಿಯ ವಾಸನೆ ಇತ್ತು. ಪೂಜೆ ತಪ್ಪಿಸಬೇಡ, ಮನೆಯಲ್ಲಿ ಒಬ್ಬರಾದರೂ ಮನಸ್ಸಿಟ್ಟು ಮಾಡುವವರು ಇರಲಿ ಅಂದಳು.

ಅವ್ವನಿಗೆ ಒಲೆ ಸಿಕ್ಕಿತು. ಅದರ ಮುಂದೆ ಕುಳಿತು ಅವಳು ಮತ್ತೆಂದೂ ಬೆಕ್ಕಿನ ಜೊತೆ ಮಾತಾಡಲಿಲ್ಲ. ಮೇಸ್ತ್ರಿ ಇನ್ನೊಮ್ಮೆ ಬಂದು ನೀರು ಕೇಳಿದ. ಅವ್ವ ತಂಬಿಗೆ ಒಯ್ದು ಕೊಟ್ಟಳು. ಅವನು ಒಳಗೆ ಒಮ್ಮೆ ನೋಡಿ, ತಂಬಿಗೆಯನ್ನು ಕುಡಿಯದೆ ಹಿಡಿದುಕೊಂಡು ನಿಂತು, ಕಟ್ಟೆಯ ಮೇಲೆ ಇಟ್ಟು ಹೋದ. ನಾನೂ ಮಠಕ್ಕೆ ಹೋಗಲಿಲ್ಲ. ಹೊಲಕ್ಕೆ ಕಾಲುವೆಯ ನೀರು ಹತ್ತಿತು, ಜೋಳದ ನೆಲ ಗದ್ದೆಯಾಯಿತು, ಅಪ್ಪನಿಗೆ ಆಳು ಸಾಲದಾಯಿತು. ಮುಂದಿನ ವರ್ಷ ಕಳಿಸುತ್ತೇನೆ ಎನ್ನುತ್ತ ಎನ್ನುತ್ತ ಆ ಮಾತು ಬಿದ್ದುಹೋಯಿತು. ಮುತ್ಯಾ ಬೇರೆ ಊರಿನ ಹುಡುಗನನ್ನು ಮರಿ ಮಾಡಿಕೊಂಡರು. ಯಾವುದಕ್ಕಾಗಿ ನಾನು ಅದನ್ನು ಎತ್ತಿಕೊಂಡೆನೋ ಅದೂ ಆಗಲಿಲ್ಲ. ನಮ್ಮ ಮನೆಯಲ್ಲಿ ದಿನಾ ಅನ್ನ ಆಗತೊಡಗಿತು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಶಹಾಪುರದ ಅಡತಿ ಅಂಗಡಿಗೆ ಸೇರಿದೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸಾಹುಕಾರರು ಮೆಚ್ಚುತ್ತಿದ್ದರು. ಹತ್ತಿ ತಂದ ರೈತನ ಮುಖ ನೋಡುತ್ತ, ರೆಪ್ಪೆ ಬಡಿಯದೆ, ಇದಕ್ಕಿಂತ ದರ ಇಲ್ಲ ಎಂದು ಹೇಳುವುದು ನನಗೆ ಸುಲಭವಾಗಿತ್ತು. ಎಲ್ಲಿ ಕಲಿತೆ ಎಂದು ಅವರು ಕೇಳಿದಾಗ ನಾನು ನಕ್ಕಿದ್ದೇನೆ.

ಮಠಕ್ಕೆ ಹೋದಾಗಲೆಲ್ಲ ಅತ್ತೆ ಬಡಿಸುತ್ತಿದ್ದಳು. ಹೊಗೆಗೆ ಅವಳ ಕಣ್ಣು ಮಂಜಾಗಿದ್ದವು, ಮಠದ ಮಂದಿ ಅವಳನ್ನು ರೊಟ್ಟಿ ಅವ್ವ ಅನ್ನುತ್ತಿದ್ದರು. ಅಷ್ಟೊತ್ತಿಗೆ ಮುತ್ಯಾ ಲಿಂಗೈಕ್ಯರಾಗಿದ್ದರು; ನನಗೆ ಆ ಸುದ್ದಿ ಬಂದಾಗ ದುಃಖಕ್ಕಿಂತ ಮೊದಲು ಬಂದದ್ದು, ಇನ್ನು ಅವರು ಕೇಳುವ ಸಾಧ್ಯತೆ ಇಲ್ಲ ಎಂಬ ಬಿಡುಗಡೆ. ಒಮ್ಮೆ ಪಂಕ್ತಿ ಎಲ್ಲ ಎದ್ದ ಮೇಲೆ ನಾನೊಬ್ಬನೇ ಉಣ್ಣುತ್ತಿದ್ದೆ. ಅವಳು ಎದುರಿಗೆ ಕುಳಿತು ನಾನು ಉಣ್ಣುವುದನ್ನು ನೋಡಿದಳು.

"ಮುತ್ಯಾ ಖರೇ ಹೇಳಿದ್ರು ನೋಡೋ. ಒಳಗ ಹುಡುಕಿದ್ದಕ್ಕ ಸಿಕ್ತು. ಇಲ್ಲಾಂದ್ರ ಇಲಿ ಒಯ್ತು ಅಂತ ಸಾಯೂತನಾ ತಿಳ್ಕೋತಿದ್ದೆ."

ಅವಳು ಅದನ್ನು ನೆಮ್ಮದಿಯಿಂದ ಹೇಳಿದಳು. ತನ್ನ ಬದುಕಿಗೆ ಒಂದು ಕಾರಣ ಸಿಕ್ಕಿದವಳ ನೆಮ್ಮದಿ ಅದು. ಈಗ ನಿಜ ಹೇಳಿದರೆ ಅದನ್ನೂ ಕಿತ್ತುಕೊಂಡಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ದಯೆಯಲ್ಲ, ಹೇಡಿತನಕ್ಕೆ ತೊಡಿಸಿದ ಅಂಗಿ. ಆ ಅಂಗಿಯೊಳಗೆ ಅವಳ ಲಿಂಗ ಇತ್ತು. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದಳು. ಸಾಕು ಅಂದೆ. ತಟ್ಟೆ ತೊಳೆದು ನೀರು ಕುಡಿದು ಎದ್ದೆ.

ಅವಳು ತೀರಿಕೊಂಡ ಸುದ್ದಿ ಬಂದಾಗ ಅಪ್ಪ ಅವ್ವ ಇಬ್ಬರೂ ಇರಲಿಲ್ಲ, ಮನೆಯವನೆಂದು ಹೋದವನು ನಾನೊಬ್ಬನೇ. ಮಠದ ಹಿಂದೆ ಗುಂಡಿ ತೋಡಿ ಅವಳನ್ನು ಕೂರಿಸಿದ್ದರು, ಹಣೆಗೆ ವಿಭೂತಿ ಬಳಿದಿದ್ದರು. ನೀವು ಜಂಗಮರು, ಸ್ವಂತ ಸೋದರಳಿಯ, ಕೈಯಲ್ಲಿ ಲಿಂಗ ನೀವೇ ಇಡ್ರಿ ಅಯ್ಯನೋರ ಅಂದರು. ಮುತ್ಯಾ ಕಟ್ಟಿದ್ದ ಲಿಂಗವನ್ನು ಅವಳ ಕೊರಳಿನಿಂದ ಬಿಚ್ಚಿ ನನಗೆ ಕೊಟ್ಟರು. ಗುಂಡಿಯೊಳಗೆ ಇಳಿದೆ. ನನ್ನ ಇನ್ನೊಂದು ಕೈ ಅಂಗಿಯ ಗುಂಡಿಗೆ ಹೋಯಿತು. ಬಿಚ್ಚಿ, ಅದಲುಬದಲು ಮಾಡಿ, ಅವಳದನ್ನು ಅವಳಿಗೆ ಕೊಡಬಹುದಿತ್ತು. ಮೇಲೆ ಜನ ನಿಂತಿದ್ದರು. ನೋಡಿದವರಿಗೆ ಏನು ಹೇಳುವುದು ಎಂಬ ಯೋಚನೆ ಬಂತು. ಎದೆ ಮುಟ್ಟಿಕೊಂಡದ್ದನ್ನು ಅವರು ಭಕ್ತಿ ಎಂದು ತಿಳಿದರು. ಮುತ್ಯಾ ಕಟ್ಟಿದ್ದನ್ನೇ ಅವಳ ಎಡಗೈಯಲ್ಲಿಟ್ಟು ಬೆರಳು ಮಡಚಿದೆ. ಆಗಲೂ ರೆಪ್ಪೆ ಬಡಿಯಲಿಲ್ಲ. ಮಣ್ಣು ಹಾಕಿದರು.

ಅವಳದು ಈಗಲೂ ನನ್ನ ಕೊರಳಲ್ಲಿದೆ. ಮೊದಮೊದಲು ಆ ಸವೆದ ತಗ್ಗಿನಲ್ಲಿ ನನ್ನ ಹೆಬ್ಬೆರಳು ಕೂಡುತ್ತಿರಲಿಲ್ಲ. ಈಗ ಸರಿಯಾಗಿ ಕೂಡುತ್ತದೆ. ನಾನು ಸತ್ತರೆ ಇದನ್ನೇ ನನ್ನ ಅಂಗೈಯಲ್ಲಿಟ್ಟು ಮಣ್ಣು ಮುಚ್ಚುತ್ತಾರೆ, ಬೇಡ ಎಂದು ಇಲ್ಲಿ ಬರೆದಿದ್ದರೂ ಮುಚ್ಚುತ್ತಾರೆ. ಕ್ಷಮೆ ಕೇಳಲು ಅವಳ ಸಮಾಧಿಯ ಹತ್ತಿರ ಹೋಗಿದ್ದೆ. ಮಠದವರು ಅಲ್ಲಿ ಹೊಸ ದಾಸೋಹದ ಕೋಣೆ ಕಟ್ಟಿದ್ದಾರೆ, ಜಾಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಯಾರದು ಎಂದು ಒಬ್ಬರು ಕೇಳಿದರು. ರೊಟ್ಟಿ ಅವ್ವ ಎಂದೆ. ಅವರಿಗೆ ತಿಳಿಯಲಿಲ್ಲ, ಹೆಸರು ಹೇಳ್ರಿ ಅಂದರು. ನಾನು ಅತ್ತೆ ಅಂದವನು, ಅವ್ವ ನಾದಿನಿ ಅಂದವಳು, ಅಪ್ಪ ಆ ದಿನದಿಂದ ಈಕಿ ಅಂದವನು. ಅವಳನ್ನು ಹೆಸರಿನಿಂದ ಕರೆಯುತ್ತಿದ್ದವರು ಮುತ್ಯಾ ಒಬ್ಬರೇ. ಆ ಹೆಸರು ನನಗೆ ಗೊತ್ತಿತ್ತು, ಅಲ್ಲಿ ನಿಂತು ಹೇಳಲು ಬಾಯಿ ಬರಲಿಲ್ಲ.

ಮಹಾಂತಮ್ಮ.